ಮರಿಯಾಳ ಕಪ್ಪು ಕೋಟು

ಹಳಿಯಾಳ ತಾಲ್ಲೂಕಿನ ಆ ಪುಟ್ಟ ಊರಲ್ಲಿ ಹಳೆಯ ಬಟ್ಟೆಯನ್ನು ಯಾರೂ ಎಸೆಯುವುದಿಲ್ಲ. ಎಲ್ಲವೂ ಮರಿಯಾಳ ಜಗುಲಿಯ ರಾಶಿಗೆ ಬಂದು ಬೀಳುತ್ತದೆ. ಸಿದ್ದಿ ಹೆಂಗಸರು ಅದನ್ನು ಕತ್ತರಿಸಿ, ಅಂಚಿನಿಂದ ನಡುವಿನವರೆಗೆ ಸುತ್ತಿ ಸುತ್ತಿ ಹೊಲಿದು ಹೊದೆಯುವ ಕೌದಿ ಮಾಡುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯ ಹೂ ಕೂರಿಸಲೇಬೇಕು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಆ ಕೌದಿಗಳನ್ನು ಮಾರುವ ಕಂಪನಿಗೆ ಮರಿಯಾ ಮುಖ್ಯಸ್ಥೆ.

ಅಂದು ಮಧ್ಯಾಹ್ನ ದಾಂಡೇಲಿಯಲ್ಲಿ ಕಂಪನಿ ಮುಖ್ಯಸ್ಥರ ಸಭೆ. ಯಶಸ್ಸು ಎಂದರೆ ತಮಗೇನು ಎಂದು ಒಬ್ಬೊಬ್ಬರೂ ಹೇಳಬೇಕು. ಇಂಥ ವೇದಿಕೆ ಏರುವುದು ಮರಿಯಾಳಿಗೆ ಇದೇ ಮೊದಲು. ಮುಖ್ಯಸ್ಥೆಯಂತೆ ಕಾಣಬೇಕೆಂದು ಹುಬ್ಬಳ್ಳಿಯಲ್ಲಿ ಕಪ್ಪು ಕೋಟು ಹೊಲಿಸಿದ್ದಳು. ಬೆಳಿಗ್ಗೆ ಅದನ್ನು ಜಗುಲಿಯಲ್ಲಿಟ್ಟು ಸ್ನಾನಕ್ಕೆ ಹೋದಳು. ಇಟ್ಟದ್ದು ರಾಶಿಯ ಮೇಲೆ.

ಹೊರಬಂದಾಗ, ಹೊಲಿಯುವವರಲ್ಲೆಲ್ಲ ಹಿರಿಯಳಾದ ಮಣಿಬಾಯಿ ಕತ್ತರಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಮರಿಯಾ, ನಿನ್ನ ಕೋಟಿನ ತೋಳು ಕತ್ತರಿಸೇನಿ ನೋಡವಾ. ರೀನಾ ಈಗ ಹೇಳಿದ್ಲು, ನಿಂದಂತ.”

“ಅಯ್ಯ ನಮ್ಮವ್ವಾ! ಹೊಸಾದು ಅಂತ ಕಾಣಲಿಲ್ಲೇನ?”

“ಕಂಡತು. ಇಷ್ಟ ಚಲೋ ಅರಿವಿ ಯಾರು ರಾಶಿಗೆ ಒಗದ್ರಪಾ ಅಂದ್ಕೊಂಡೆ. ಇನ್ನೊಂದ ತೋಳೂ ಕೊಡ್ತಿಯೇನ? ಎರಡ ಹೂ ಬಾಕಿ ಅದಾವ.”

ಜಗುಲಿಯಲ್ಲಿ ಹೊಲಿಯುತ್ತಿದ್ದ ರೀನಾ ಸೂಜಿ ಬಿಟ್ಟು ನಕ್ಕಳು. ಮರಿಯಾಳಿಗೆ ಅಳುವೇ ಬಂತು. ಆದರೆ ಬಸ್ಸಿಗೆ ಹೊತ್ತಾಗಿತ್ತು. ಉಟ್ಟ ನೂಲಿನ ಸೀರೆಯಲ್ಲೇ ಹೊರಟಳು.

ದಾರಿಯಲ್ಲಿ, ಹಿಂದೆ ತಾನು ದುಡಿದ ಉಡುಪಿನ ಕಾರ್ಖಾನೆ ನೆನಪಾಯಿತು. ಅಲ್ಲಿ ತೋಳು ತಪ್ಪಾಗಿ ಕತ್ತರಿಸಿದವಳು ಅದನ್ನು ಕಟ್ಟಿನ ತಳಕ್ಕೆ ತುರುಕುತ್ತಿದ್ದಳು. ಮೇಲ್ವಿಚಾರಕನ ಬಾಯಿಗೆ ಅಷ್ಟು ಹೆದರಿಕೆ. ತಪ್ಪು ಬಯಲಾಗುವಷ್ಟರಲ್ಲಿ ಲಾರಿ ಹೋಗಿಬಿಟ್ಟಿರುತ್ತಿತ್ತು. ಮಣಿಬಾಯಿಯೋ, ಇನ್ನೊಂದು ತೋಳನ್ನೂ ಕೇಳಿದ್ದಳು! ಮರಿಯಾ ಕಿಟಕಿಯ ಕಡೆ ತಿರುಗಿ ನಕ್ಕಳು.

ಸಭೆಯಲ್ಲಿ ಒಂದು ರೆಸಾರ್ಟಿನ ಮುಖ್ಯಸ್ಥ ಸಂಜೀವಕುಮಾರ, ಮಗಳು ಈಜು ಕಲಿತ ದಿನ ತಾನೂ ದಡದಲ್ಲಿದ್ದೆ, ಅದೇ ತನ್ನ ಯಶಸ್ಸು ಎಂದರು. ಮುಂದಿನ ಸರದಿ ಮರಿಯಾಳದು.

“ನಂದೇನು ಅನ್ನೂದು ಇವತ್ತ ಮುಂಜಾನೆ ಗೊತ್ತಾತ್ರಿ. ನಮ್ಮ ಮಣಿಬಾಯಿ ಕೌದಿ ಹೂವಿಗಂತ ನನ್ನ ಹೊಸ ಕೋಟಿನ ತೋಳು ಕತ್ತರಿಸಿದ್ಲು. ಮುಚ್ಚಿಡಲಿಲ್ಲ, ಅಂಜಲಿಲ್ಲ. ತಾನ ಬಂದು ಹೇಳಿ, ಉಳಿದದ್ದೂ ಕೊಡು ಅಂದ್ಲು. ಹಿಂಗ ಹೇಳೂ ಮಂದಿ ನನ್ನ ಸಂಗಡ ಇರೂತನಕ ನಾ ಗೆದ್ದಂಗರಿ.”

ಸಭೆಯೆಲ್ಲ ನಕ್ಕಿತು. “ಆ ಕೌದಿ ನನಗ ಬೇಕ್ರಿ!” ಎಂದರು ಸಂಜೀವಕುಮಾರ.

“ತಡೀರಿ, ಇನ್ನೂ ಎರಡ ಹೂ ಬಾಕಿ ಅದಾವ.”

ಸಂಜೆ ಮನೆಗೆ ಬಂದವಳೇ ಉಳಿದ ಕೋಟನ್ನು ಮಣಿಬಾಯಿಯ ಮಡಿಲಿಗೆ ಹಾಕಿದಳು. ಮಣಿಬಾಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಗುಂಡಿ ಬಿಚ್ಚಿಕೊಡ. ಮಲಗಿದವ್ರಿಗೆ ಒತ್ತತಾವ.”