ದಿಲ್ಲಿಯಲ್ಲಿ ನಾಲ್ಕನೆಯ ತಟ್ಟೆ

ದಿಲ್ಲಿಯ ಆ ಹೋಟೆಲಿನಲ್ಲಿ ಪರದೆಯ ಹಿಂದೆ ಕೂತು ಸತ್ತವನ ಊಟ ಉಂಡವಳು ನಾನು. ಸತ್ತವನು ಬಂದು ಉಣ್ಣಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ನಮ್ಮ ಸಂಘದ ಹೆಂಗಸರು ಈ ಸುದ್ದಿಗೆ ಕೈಕಾಲು ಹಚ್ಚಿ ಕೊಟ್ಟೂರಿನ ಸಂತೆಯವರೆಗೂ ಒಯ್ದಿದ್ದಾರೆ.

ಈಗ ಮತ್ತೊಂದು ತಂಡ ದಿಲ್ಲಿಯ ಮೇಳಕ್ಕೆ ಹೊರಟಿದೆ. ಹೊರಟವರೆಲ್ಲ ನಮ್ಮ ಕಟ್ಟೆಗೆ ಬಂದು ಕೇಳುವುದು ಒಂದೇ: "ಅಜ್ಜೀ, ಅಲ್ಲಿ ಎಲ್ಲಿ ಉಣಬೇಕು?" ನಾನು ಹೇಳುವುದೂ ಒಂದೇ. ಇಡ್ಲಿ ಹುಡುಕಿಕೊಂಡು ಅಲೆಯಬೇಡಿ, ಸಿಗುತ್ತದೆ, ಆದರೆ ಸಾಂಬಾರು ಸಿಹಿ. ಬಿಸಿ ಪರೋಟ ತಿನ್ನಿ. ಮೊಸರು ಗಟ್ಟಿ ಇರುತ್ತದೆ, ನಂಬಬಹುದು. ಅನ್ನ ಉದುರುದುರು, ಕಲಸಲು ಬರುವುದಿಲ್ಲ. ನಿಂತು ತಿನ್ನುವ ಕಡೆ ಹೋಗಬೇಡಿ, ಮೊಣಕಾಲು ಹಿಡಿಯುತ್ತದೆ. ಗೋಡೆಗೆ ಕನ್ನಡಿ ಹಾಕಿದ ಹೋಟೆಲು ಬೇಡ. ಪರದೆ ಇರುವ ಹೋಟೆಲು ಒಂದಿದೆ, ಅದರ ದಾರಿಯನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.

ನಾವು ಹೋದದ್ದು ಮೂವರು. ನಾನು, ಹೊಳಲಿಗೆ ಕೊಟ್ಟ ನನ್ನ ತಂಗಿ, ಮತ್ತೆ ಹಗರಿಬೊಮ್ಮನಹಳ್ಳಿಯಲ್ಲಿ ಬಟ್ಟೆ ಹೊಲಿಯುವ ಒಬ್ಬ ಮುಸ್ಲಿಮರ ಹೆಣ್ಣುಮಗಳು. ಅವಳನ್ನು ನಾವು ಕರೆದೊಯ್ದದ್ದು ಉರ್ದು ಬರುತ್ತದೆಂದು, ಅವಳು ಬಂದದ್ದು ಕೆಂಪು ಕೋಟೆ ನೋಡಬೇಕೆಂದು. ಸಂಘದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾರಲು ಹತ್ತು ದಿನ ಒಂದು ಮಳಿಗೆ ಕೊಟ್ಟಿದ್ದರು. ಮಲಗಲು ಇಪ್ಪತ್ತು ಮಂಚದ ಒಂದು ದೊಡ್ಡ ಹಾಲು, ಎಲ್ಲ ರಾಜ್ಯದ ಹೆಂಗಸರಿಗೂ ಅದೇ. ಒಳಗೆ ಊಟ ತರುವಂತಿಲ್ಲ. ಮೂರು ಹೊತ್ತೂ ಹೊರಗೇ ಉಣ್ಣಬೇಕು.

ತಂಗಿಯ ಗಂಡ ತೀರಿಕೊಂಡು ಆಗ ಏಳು ತಿಂಗಳಾಗಿತ್ತು. ಗೋಡೆ ನೋಡುತ್ತ ಕೂರುವುದಕ್ಕಿಂತ ರೊಟ್ಟಿ ಮಾರಲಿ ಎಂದು ನಾನೇ ಎಳೆದುಕೊಂಡು ಹೋಗಿದ್ದೆ. ಅವಳಿಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಗುಳಿಗೆ. ಗುಳಿಗೆ ನುಂಗಿ ಉಣ್ಣದೆ ಇದ್ದರೆ ತಲೆ ತಿರುಗಿ ಬೀಳುತ್ತಾಳೆ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ರೈಲಿನಲ್ಲಿ ಅವಳು ಮೇಲಿನ ಬರ್ತಿನಿಂದ ದುಪ್ಪಟಿ ಇಳಿಬಿಟ್ಟು, ಅದರ ಹಿಂದೆ ಬುತ್ತಿ ಬಿಚ್ಚಿ, ಅಲುಗಾಟಕ್ಕೆ ಅಂಚು ಮುರಿದಿದ್ದ ಖಡಕ್ ರೊಟ್ಟಿ ಉಂಡಳು. ಚಳಿ ಇರಬೇಕು ಎಂದುಕೊಂಡೆ.

ಮೊದಲ ದಿನ ಮಧ್ಯಾಹ್ನ ಗಾಜಿನ ಬಾಗಿಲಿನ ಒಂದು ಹೋಟೆಲಿಗೆ ಹೋದೆವು. ದರ್ಜಿ ಹೆಣ್ಣುಮಗಳು ಒಳಗೆ ಕಾಲಿಡುತ್ತಲೇ ಮೂರು ಜನ ಎಂದು ಹೇಳಿದಳು. ಬಡಿಸುವವನು ತಲೆಯಾಡಿಸಿ ನಾಲ್ಕು ತಟ್ಟೆ ತಂದಿಟ್ಟ.

"ನಾ ತೀನ್ ಅಂದೀನಿ. ಇವ ನಾಕು ಯಾಕ ಇಟ್ಟ?" ಅಂದಳು ಅವಳು.

"ದಿಲ್ಲಿಯಾಗ ಮೂರಕ್ಕ ನಾಕು ಅಂತಾರೇನೋ. ಉಣ್ಣು ಸುಮ್ನ," ಅಂದೆ.

ತಂಗಿ ರೊಟ್ಟಿಯ ಅಂಚು ಮುಟ್ಟಿ ಕೂತಳು. ಕೇಳಿದರೆ ಹೊಟ್ಟೆ ಉಬ್ಬರ ಅಂದಳು. ಎರಡು ದಿನದ ರೈಲು, ಇದ್ದರೂ ಇದ್ದೀತು.

ಎರಡನೆಯ ದಿನ ಬೇರೆ ಹೋಟೆಲು, ಬೇರೆ ಬೀದಿ. ಮತ್ತೆ ನಾಲ್ಕು ತಟ್ಟೆ. ಅಷ್ಟೇ ಅಲ್ಲ, ಖಾಲಿ ಕುರ್ಚಿಯ ಮುಂದೆ ನೀರಿಟ್ಟರು, ಬೇಳೆ ಬಡಿಸಿದರು. ಆ ಕುರ್ಚಿ ಮೇಜಿಗೆ ಅಂಟಿಕೊಂಡಿರಲಿಲ್ಲ. ಯಾರೋ ಕೂತು ಈಗಷ್ಟೇ ಎದ್ದುಹೋದಂತೆ ಒಂದು ಗೇಣು ಹಿಂದೆ ಸರಿದಿತ್ತು. ಬಡಿಸುವವನು ಬಗ್ಗಿ ಏನೋ ಕೇಳಿದ. ದರ್ಜಿ ಕೈಯಲ್ಲಿದ್ದ ತುತ್ತು ಕೆಳಗಿಟ್ಟಳು.

"ಏನಂತಾನ?"

"ಸಾಹೇಬರು ಕೈ ತೊಳಿಯಾಕ ಹೋಗ್ಯಾರೇನು ಅಂತ ಕೇಳ್ತಾನಮ್ಮಾ."

ನಾವಿಬ್ಬರೂ ಕುರ್ಚಿಯ ಕಡೆ ನೋಡಿದೆವು. ತಂಗಿ ಮಾತ್ರ ನೋಡಲಿಲ್ಲ. ತಲೆಯ ಮೇಲಿನ ಸೆರಗನ್ನು ಆ ಕಡೆಗೆ ಇನ್ನಷ್ಟು ಎಳೆದುಕೊಂಡಳು. ಆ ಹೊತ್ತೂ ಉಣ್ಣಲಿಲ್ಲ.

ಮೂರನೆಯ ದಿನದ ಹೋಟೆಲಿಗೆ ಒಂದು ಗೋಡೆಯಿಡೀ ಕನ್ನಡಿ. ನಾನು ಅದಕ್ಕೆ ಎದುರಾಗಿ ಕೂತೆ. ದರ್ಜಿ ಬಡಿಸುವವನಿಗೆ ಮೂರು ಎನ್ನುತ್ತಿದ್ದಳು. ಕನ್ನಡಿಯಲ್ಲಿ ನನ್ನ ತಂಗಿಯ ಕೈ ಕುರ್ಚಿಯ ಬೆನ್ನ ಹಿಂದಿನಿಂದ ಮೆಲ್ಲಗೆ ಮೇಲೆದ್ದಿತು. ನಾಲ್ಕು ಬೆರಳು. ಆಮೇಲೆ ಅದೇ ಕೈ ಪಕ್ಕದ ಕುರ್ಚಿಯನ್ನು ಒಂದು ಗೇಣು ಎಳೆದು, ಸೀಟನ್ನು ಸೆರಗಿನಿಂದ ಒರೆಸಿತು. ಮುಖದ ಮೇಲೆ ಏನೂ ಇರಲಿಲ್ಲ. ಗೋಡೆಯಲ್ಲಿ ನಾವು ಮೂವರು ಕಂಡೆವು. ಎಣಿಸಿದೆ. ಮತ್ತೊಂದು ಸಲ ಎಣಿಸಿದೆ.

"ಯಾರಿಗಲೇ ಅದು ನಾಕನೇದು?"

"ಅವರಿಗೆ," ಅಂದಳು. ಮುಚ್ಚಿಡಲಿಲ್ಲ.

"ಸರಿ, ಅವಂಗಿಟ್ಟಿ. ನೀ ಯಾಕ ಉಣವಲ್ಲಿ?"

"ಅವರು ಉಣ್ಣದ ನಾ ಹೆಂಗ ಉಣ್ಣಲಿ, ಅಕ್ಕಾ? ಇಷ್ಟು ಮಂದಿ ಕುಂತು ನೋಡಾಕ ಹತ್ಯಾರ. ಮುಚ್ಚಾಕ ಒಂದು ಬಾಗಿಲಾ ಇಲ್ಲ. ಅವರು ಮೊದಲೇ ಸಂಕೋಚದ ಮನುಷ್ಯ."

"ಮೂರು ದಿನದಿಂದ ಏನೂ ತಿಂದಿಲ್ಲ ನೀನು?"

"ಚಾ ಕುಡದೀನಿ."

ನಮ್ಮ ಕಡೆ ತೀರಿಹೋದವರಿಗೆ ಎಡೆ ಇಟ್ಟರೆ ಬಾಗಿಲು ಎಳೆದು ಮುಚ್ಚಿ ಎಲ್ಲರೂ ಹೊರಗೆ ಬರುತ್ತಾರೆ. ಮುಖ ತಿರುಗಿಸಿ ನಿಲ್ಲಬೇಕು, ಮಾತಾಡಬಾರದು. ಮಂದಿಯೆದುರು ಅವರು ಉಣ್ಣುವುದಿಲ್ಲ. ಉಳಿದವರು ಇದನ್ನು ಅಮಾವಾಸ್ಯೆಗೆ ಮಾಡುತ್ತಾರೆ. ನನ್ನ ತಂಗಿ ಏಳು ತಿಂಗಳಿಂದ ದಿನಕ್ಕೆರಡು ಸಲ ಮಾಡುತ್ತಿದ್ದಳು. ಗಂಡ ಉಂಡ ತಟ್ಟೆಯಲ್ಲೇ ಉಂಡು ಬದುಕಿದವಳು, ಅದನ್ನೂ ಬಿಟ್ಟಿರಲಿಲ್ಲ. ಆದರೆ ಹೋಟೆಲು ಕಟ್ಟುವುದೇ ಮಂದಿಯ ಮುಖ ನೋಡಿಕೊಂಡು ಮಂದಿ ಉಣ್ಣಲಿ ಎಂದು. ಅಲ್ಲಿ ಅವಳ ಗಂಡನಿಗೆ ಜಾಗ ಇರಲಿಲ್ಲ. ಗಂಡನಿಗೆ ಇಲ್ಲದಿದ್ದರೆ ಅವಳಿಗೂ ಇಲ್ಲ.

ಆ ದಿನ ಮೂರು ಗಂಟೆಗೆ ಮಳಿಗೆಯಲ್ಲಿ ರೊಟ್ಟಿಯ ಗಂಟಿನ ಮೇಲೆ ಬಿದ್ದಳು. ಮೈ ತಣ್ಣಗೆ, ಬೆವರು. ಮೇಳದ ಡಾಕ್ಟರಮ್ಮ ಬಾಯಿಗೆ ಸಕ್ಕರೆ ನೀರು ಹಾಕಿ, ರಕ್ತ ಪರೀಕ್ಷೆ ಮಾಡಿ, ನನ್ನ ಕಡೆ ನೋಡಿ ಗದರಿದಳು.

"ಏನಂದ್ಳು?"

ದರ್ಜಿ ನಿಧಾನವಾಗಿ ಹೇಳಿದಳು: "ನಾಳಿನೂ ಹಿಂಗಾ ಗುಳಿಗಿ ನುಂಗಿ ಉಪಾಸ ಇದ್ರ ಬಿದ್ದಾಕಿ ಏಳಂಗಿಲ್ಲ ಅಂತ. ಗುಳಿಗಿ ಬಿಡ್ಸಿದ್ರೂ ಕೆಟ್ಟದ್ದಾ ಅಂತ. ಊಟ ಮಾಡಿಸ್ರಿ ಅಂದ್ಳು."

ಹೊಳಲಿಗೆ ಫೋನು ಹಚ್ಚಿದೆ. ಎತ್ತಿದವಳು ತಂಗಿಯ ಸೊಸೆ.

"ಮನಿಯಾಗ ನಿಮ್ಮತ್ತಿ ಹೆಂಗ ಉಣ್ತಿದ್ಲು? ಖರೇ ಹೇಳು," ಅಂದೆ.

ಆ ಹುಡುಗಿ ದನಿ ತಗ್ಗಿಸಿದಳು. "ಅತ್ತಿಗೆ ಹೇಳಬ್ಯಾಡ ದೊಡ್ಡವ್ವಾ. ಮೊದಲಿಗೆ ಎಡಿ ಇಟ್ಟಂಗಾ ಇರೋದು. ಮಾವ ಉಂಡಿಲ್ಲ ಅಂತ ಈಕಿನೂ ಉಣ್ತಿರಲಿಲ್ಲ. ಆಮ್ಯಾಲ ನಾನು ಹಿತ್ತಲ ಬಾಗಿಲಿಂದ ಒಳಗ ಹೋಗಿ ರೊಟ್ಟಿ ಅಂಚು ಮುರದಿಡಾಕ ಹತ್ತಿದೆ. ನೋಡಿ ಸಮಾಧಾನ ಆಗಿ ಉಣ್ತಾಳ."

"ಛಲೋ ಮಾಡಿದಿ," ಎಂದು ಫೋನು ಇಟ್ಟುಬಿಟ್ಟೆ.

ನಾಲ್ಕನೆಯ ದಿನ ಬೆಳಿಗ್ಗೆ ಮಳಿಗೆ ತೆರೆಯಲಿಲ್ಲ. ಬಾಗಿಲಿರುವ ಹೋಟೆಲು ಬೇಕು ಎಂದೆ. ದರ್ಜಿ ನಕ್ಕಳು. "ಬಾಗಿಲಲ್ಲಮ್ಮಾ, ಪರದಾ ಅನ್ರಿ. ನಮ್ಮ ಹೆಂಗಸ್ರು ಉಣ್ಣೋ ಹಳೇ ಹೋಟ್ಲು ಇರ್ತಾವ." ಹಳೆಯ ಊರಿನ ಸಂದಿಗಳಲ್ಲಿ ಅಂಗಡಿ ಅಂಗಡಿಗೂ ಕೇಳಿಕೊಂಡು ಹೋದಳು. ನಾನು ತಂಗಿಯನ್ನು ರಿಕ್ಷಾದಲ್ಲಿ ಒರಗಿಸಿಕೊಂಡು ಕೂತಿದ್ದೆ. ಒಂದು ತಾಸಿನ ಮೇಲೆ ಬಂದು ಸಿಕ್ಕಿತು ಅಂದಳು.

"ಮಾಂಸ ಬೇಯಿಸ್ತಾರೇನು?"

"ಬರೀ ಕಾಯಿಪಲ್ಯ, ಬ್ಯಾಳಿ. ನಿಮ್ಮ ಸಲುವಾಗಿ ಮೂರು ಸಲ ಕೇಳೀನಿ. ನಾನಾ ಕೆಟ್ಟಾಕಿ ಆದೆ."

ಸಂದಿಯಿಂದ ಐದು ಮೆಟ್ಟಿಲು ಇಳಿಯಬೇಕು. ಮಟಮಟ ಮಧ್ಯಾಹ್ನ ಒಳಗೆ ಹಳದಿ ದೀಪ ಉರಿಯುತ್ತಿತ್ತು. ಹೊರಗಿನ ಗಾಡಿಗಳ ಗದ್ದಲ ಮೆಟ್ಟಿಲಿನ ಮೇಲೆಯೇ ಉಳಿಯಿತು. ನಡುವೆ ಎರಡು ಮೇಜು, ಗೋಡೆಗುಂಟ ಸಾಲಾಗಿ ಮರದ ಹಲಗೆಯ ಸಣ್ಣ ಖೋಲಿಗಳು, ಒಂದೊಂದಕ್ಕೂ ಒಣಗಿದ ಬದನೆಕಾಯಿ ಬಣ್ಣದ ಪರದೆ. ಫ್ಯಾನು ತಿರುಗುತ್ತಿರಲಿಲ್ಲ, ಪರದೆಗಳು ಆಡುತ್ತಿದ್ದವು. ಬಡಿಸುವವನು ಒಂದು ಕಣ್ಣು ಬೆಳ್ಳಗಾದ ಮುದುಕ. ನಮ್ಮನ್ನು ಏನೂ ಕೇಳಲಿಲ್ಲ. ಕೊನೆಯಿಂದ ಎರಡನೆಯ ಖೋಲಿಯ ಪರದೆ ಎತ್ತಿ ಹಿಡಿದ. ಆಮೇಲೆ ಹೋಗಿ ನಾಲ್ಕು ತಟ್ಟೆ, ನಾಲ್ಕು ಲೋಟ ನೀರು ತಂದಿಟ್ಟ.

ನಾನು ತಂಗಿಯ ಕೈ ನೋಡಿದೆ. ಒಂದು ಕೈ ನನ್ನ ಹೆಗಲ ಮೇಲಿತ್ತು, ಇನ್ನೊಂದು ದರ್ಜಿಯ ಹೆಗಲ ಮೇಲೆ. ಎತ್ತುವ ಶಕ್ತಿಯೂ ಅವಳಲ್ಲಿರಲಿಲ್ಲ. ಮೇಜಿಗೆ ನಾಲ್ಕು ಇಡುವುದು ಮುದುಕನ ರೂಢಿ ಇರಬೇಕು ಎಂದುಕೊಂಡು ಹೊರಗೆ ನೋಡಿದೆ. ನಡುವಿನ ದೊಡ್ಡ ಮೇಜಿಗೆ ಒಬ್ಬನೇ ಗಿರಾಕಿ ಕೂತಿದ್ದ. ಅವನ ಮುಂದೆ ಒಂದೇ ತಟ್ಟೆ.

ಮುದುಕ ಬಡಿಸಿದ. ಬಿಸಿ ರೊಟ್ಟಿ, ಆಲೂಗಡ್ಡೆ ಹೂಕೋಸು, ಬೇಳೆ, ಈರುಳ್ಳಿ. ತಂಗಿ ಒಂದು ತಟ್ಟೆಯನ್ನು ಗೋಡೆಯ ಕಡೆಗೆ ಸರಿಸಿ, ಕೈ ಮುಗಿದು ಎದ್ದಳು. ಮೂವರೂ ಹೊರಗೆ ಬಂದೆವು. ಪರದೆ ಇಳಿಬಿಟ್ಟೆವು. ಅವಳು ಬೆನ್ನು ಮಾಡಿ ನಿಂತಳು, ದರ್ಜಿ ಅವಳ ಹೆಗಲು ಹಿಡಿದುಕೊಂಡಳು. ಖೋಲಿಯ ಹಿಂದಿನಿಂದ ಕೈ ತೊಳೆಯುವಲ್ಲಿಗೆ ಒಂದು ಸಂದು ಇರುವುದನ್ನು ನಾನು ಮೊದಲೇ ನೋಡಿಟ್ಟಿದ್ದೆ. ಬಳೆ ಸದ್ದಾಗಬಾರದೆಂದು ಮೊಳಕೈವರೆಗೆ ಏರಿಸಿ ಆ ಕಡೆಯಿಂದ ಒಳಗೆ ಹೋದೆ.

ಅಂಚು ಮುರಿದಿಟ್ಟು ಬರುವುದೆಂದು ಹೋದವಳು. ಮೂರು ದಿನದ ಉಪವಾಸಕ್ಕೆ ಒಂದು ಅಂಚು ಸಾಲುವುದಿಲ್ಲ ಎನಿಸಿತು. ನನಗೂ ಹಸಿವಾಗಿತ್ತು. ಸತ್ತವನ ಸರದಿಯಲ್ಲಿ ಅವನ ತಟ್ಟೆಗೆ ಕೈ ಹಾಕುವುದು ತಪ್ಪೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಕಿದೆ. ಎರಡು ರೊಟ್ಟಿ ಮುಗಿಸಿ ಮೂರನೆಯದನ್ನು ಮುರಿಯುವಾಗ ಸದ್ದಾಯಿತು.

ಟಕ್, ಟಕ್. ಲೋಟವನ್ನು ಮರಕ್ಕೆ ಬಡಿದ ಸದ್ದು.

ನನ್ನ ತಂಗಿಯ ಗಂಡ ಉಣ್ಣುವಾಗ ಬಾಯಿ ಬಿಡುತ್ತಿರಲಿಲ್ಲ. ಮಜ್ಜಿಗೆ ಬೇಕಾದರೆ ಲೋಟವನ್ನು ಎರಡು ಸಲ ನೆಲಕ್ಕೆ ಬಡಿಯುತ್ತಿದ್ದ. ಆ ಮನೆಯಲ್ಲಿ ಉಂಡವರಿಗೆಲ್ಲ ಅದು ಗೊತ್ತು. ನಾನು ಮೇಜಿನ ಮೇಲಿನ ನಾಲ್ಕು ಲೋಟ ನೋಡಿದೆ. ನಾಲ್ಕೂ ತುಂಬಿದ್ದವು. ನೀರು ಕದಲಿರಲಿಲ್ಲ. ಪಕ್ಕದ ಖೋಲಿಯವರಿರಬೇಕು ಎಂದುಕೊಂಡೆ.

ಪರದೆಯ ಕೆಳಗಿನಿಂದ ತಂಗಿಯ ಕೈ ಒಳಗೆ ಬಂತು. ಕೈಯಲ್ಲಿ ಮಜ್ಜಿಗೆ ಲೋಟ. ಮುದುಕ ಲೋಟ ಜೋಡಿಸಿಟ್ಟಿದ್ದ ಹಲಗೆಯಿಂದ ಎತ್ತಿಕೊಂಡಿದ್ದಳೋ ಏನೋ.

"ತಗೋರಿ," ಅಂದಳು. ಏಳು ತಿಂಗಳಿಂದ ನಾನು ಕೇಳದ ದನಿ ಅದು, ಒಳಗೆ ನಗು ಇತ್ತು. "ಭಾಳ ತಣ್ಣಗೈತಿ. ಸಾವಕಾಶ ಕುಡೀರಿ."

ತೆಗೆದುಕೊಳ್ಳದೆ ವಿಧಿಯಿರಲಿಲ್ಲ. ನನ್ನ ಬೆರಳು ಅವಳ ಬೆರಳಿಗೆ ತಾಗಿತು. ಅವಳು ಲೋಟವನ್ನು ತಕ್ಷಣ ಬಿಡಲಿಲ್ಲ. ಒಂದು ಗಳಿಗೆ ಹಿಡಿದೇ ಇದ್ದಳು. ಆಮೇಲೆ ಕೈ ಹಿಂದಕ್ಕೆ ಹೋಯಿತು. ನಾನು ಮಜ್ಜಿಗೆ ಕುಡಿದೆ. ಉಪ್ಪು ಹೆಚ್ಚಾಗಿತ್ತು. ತಟ್ಟೆ ಒರೆಸಿದಂತೆ ಖಾಲಿ ಮಾಡಿ, ಸಂದಿನಿಂದ ಹೊರಬಿದ್ದು, ಕೈ ತೊಳೆದು, ಅವರ ಹಿಂದೆ ಬಂದು ನಿಂತೆ.

ತಂಗಿ ಪರದೆ ಸರಿಸಿದಳು. ತಟ್ಟೆ ನೋಡಿದಳು. ಅತ್ತಳು ಎಂದು ಸಂಘದವರು ಹೇಳುತ್ತಾರೆ, ಸುಳ್ಳು. ಕೂತಳು, ಅದೇ ತಟ್ಟೆ ಮುಂದಕ್ಕೆಳೆದುಕೊಂಡಳು, ನಾಲ್ಕು ರೊಟ್ಟಿ ಉಂಡಳು. ನಡುವೆ ಒಮ್ಮೆ ತಲೆ ಎತ್ತಿ, "ಅಕ್ಕಾ, ನೀ ಉಣವಲ್ಲಿ?" ಅಂದಳು. "ಹಸಿವಿಲ್ಲ," ಅಂದೆ. ಗುಳಿಗೆ ನುಂಗಿ ನೀರು ಕುಡಿದಳು. ಸಂಜೆ ಮಳಿಗೆಯಲ್ಲಿ ಅವಳೇ ಕೂತು ಗಿರಾಕಿಗಳಿಗೆ ಚಟ್ನಿ ತೂಗಿದಳು.

ಮಳಿಗೆ ಮುಚ್ಚುವಾಗ ದರ್ಜಿ ನನ್ನ ಪಕ್ಕ ಬಂದು ಮೆಲ್ಲಗೆ ಅಂದಳು: "ಅಮ್ಮಾ, ಭಾರೀ ಬೆರಕಿ ಅದೀರಿ ನೀವು. ಆ ಲೋಟ ಬಡಿದಿದ್ದು ಛಲೋ ಆತು. ಅದನ್ನ ಕೇಳಿದ್ಮ್ಯಾಲೆ ಆಕಿ ಮೈಯಾಗ ಜೀವ ಬಂತು ನೋಡ್ರಿ. ನಾ ಹಿಡಕೊಂಡಿದ್ನಲ್ಲ, ನನಗ ಗೊತ್ತಾತು."

"ಹೂಂ," ಅಂದೆ. ರೊಟ್ಟಿಯ ಡಬ್ಬಿಗಳನ್ನು ಎತ್ತಿಡುವುದಿತ್ತು.

ಮರುದಿನ ಬೆಳಿಗ್ಗೆ ಅವರಿಬ್ಬರೂ ರಿಕ್ಷಾದಿಂದ ಇಳಿಯುವಷ್ಟರಲ್ಲಿ ನಾನು ಮೊದಲೇ ಮೆಟ್ಟಿಲು ಇಳಿದೆ. ನಮ್ಮ ಖೋಲಿ ದಾಟಿ ಕೊನೆಯ ಖೋಲಿಯ ಪರದೆ ಎತ್ತಿದೆ. ನೆಲದಿಂದ ಸೂರಿನವರೆಗೆ ಮುರಿದ ಕುರ್ಚಿಗಳನ್ನು ಒಟ್ಟಿದ್ದರು, ಬೆಕ್ಕು ನುಗ್ಗಲೂ ಸಂದಿರಲಿಲ್ಲ. ಈ ಕಡೆಯ ಖೋಲಿಯ ಪರದೆ ಎತ್ತಿದೆ. ಅಲ್ಲಿ ಮೇಜೇ ಇರಲಿಲ್ಲ, ಗೋಡೆಯವರೆಗೆ ಈರುಳ್ಳಿ ಚೀಲ. ಪರದೆ ಬಿಟ್ಟೆ. ಬಂದು ನಮ್ಮ ಜಾಗದಲ್ಲಿ ಕೂತು ಮುದುಕನಿಗೆ ನಾಲ್ಕು ಬೆರಳು ತೋರಿಸಿದೆ. ದರ್ಜಿ ಒಳಗೆ ಬಂದ ಮೇಲೆ, ಮಜ್ಜಿಗೆಯನ್ನು ಊಟದ ಮೊದಲೇ ತಂದಿಡಲು ಅವಳ ಬಾಯಿಂದ ಹೇಳಿಸಿದೆ.