ಚೀಟಿ ಕಟ್ಟಿದ ತೆನೆಗಳು

ಬಿಳಿಜೋಳದ ಎಳೆಗಾಳಿನೊಳಗಿನ ಭ್ರೂಣ ತೆಗೆದು, ಗಾಜಿನ ಬಾಟಲಿಯಲ್ಲಿ ಬೆಳೆಸಿ, ಹುಳ ತಡೆಯುವ ಜೀನ್ ಸೇರಿಸಿ ಮತ್ತೆ ಗಿಡ ಮಾಡುವುದು ನಮ್ಮ ಲ್ಯಾಬಿನ ಕೆಲಸ. ಭ್ರೂಣ ಸ್ವಲ್ಪ ಬಲಿತರೂ ಬಾಟಲಿಯಲ್ಲಿ ಅದರಿಂದ ಹೊಸ ಗಿಡ ಚಿಗುರುವುದಿಲ್ಲ. ಅದಕ್ಕೇ ಮುರಗೋಡದ ಹತ್ತಿರ ಒಬ್ಬ ಅಕ್ಕನ ಹೊಲದಲ್ಲಿ, ಹೂವಾಡಿದ ದಿನವೇ ತೆನೆಗಳಿಗೆ ತಾರೀಖಿನ ಚೀಟಿ ಕಟ್ಟಿ ಬಂದಿದ್ದೆ. ಎರಡು ವಾರಕ್ಕೆ ಹೋಗಬೇಕಾದವನು ನಾಲ್ಕು ದಿನ ತಡ ಮಾಡಿದೆ.

ಹೋದಾಗ ಅಕ್ಕ ಬದುವಿನ ಮೇಲೆ ಸಗಣಿ ಕುಳ್ಳಿನ ಕೆಂಡದಲ್ಲಿ ತೆನೆ ಸುಡುತ್ತಿದ್ದಳು. ಪಕ್ಕದಲ್ಲಿ ನನ್ನ ಚೀಟಿಗಳು.

“ಬರ್ರಿ, ಕುಂದರ್ರಿ. ಚೀಟಿ ಕಟ್ಟಿ ಹೋಗಿದ್ರಲ್ಲ, ಸೀತನಿ ಸುಟ್ಟ ತಿನ್ನಾಕ ಆರಿಸಿಟ್ಟೀರಿ ಅಂತ ತಿಳದೆ. ಬಿಸಿ ಅದಾವ, ತಿನ್ರಿ. ಜೋಡಿ ಶೇಂಗಾ ಚಟ್ನಿ ಒಂದ ಇಲ್ಲ ನೋಡ್ರಿ.”

ತಲೆ ಹಿಡಿದುಕೊಂಡು ಕೂತೆ. ಈ ಹದ ತಪ್ಪಿದರೆ ಇನ್ನೊಂದು ಹಿಂಗಾರಿಗೆ ಕಾಯಬೇಕು. ಭ್ರೂಣದ ಕತೆಯನ್ನೆಲ್ಲ ಕೇಳಿದ ಅಕ್ಕ, “ನಿಮಗ ಎಷ್ಟ ಎಳೇದು ಬೇಕು, ಅದನ್ನ ಹೇಳ್ರಿ,” ಅಂದಳು.

“ಒತ್ತಿದ್ರ ಹಾಲು ಬರಬೇಕು, ನೀರ ಬರಬಾರದು.”

“ಅಷ್ಟ ಹೌದಲ್ರಿ?”

ತಡವಾಗಿ ಹೂವಾಡಿದ ಸಾಲುಗಳಿಗೆ ನುಗ್ಗಿ, ಒಂದೊಂದು ಕಾಳಿಗೆ ಹೆಬ್ಬೆರಳಿನ ಉಗುರು ಒತ್ತಿ ನೋಡುತ್ತ, ನನ್ನ ಚೀಲ ತುಂಬಿಸಿದಳು.

ಕೆಲವೇ ವಾರಗಳಲ್ಲಿ ಬಾಟಲಿಗಳ ತುಂಬ ಹಸಿರು ಚಿಗುರು. ಚೀಟಿ ನಂಬಿದ ಯಾವ ವರ್ಷವೂ ಇಷ್ಟು ಬಂದಿರಲಿಲ್ಲ. ರಿಜಿಸ್ಟರಿನಲ್ಲಿ ‘ವಯಸ್ಸು ಅಳೆದ ವಿಧಾನ’ ಎಂಬಲ್ಲಿ ‘ಹೆಬ್ಬೆರಳಿನ ಉಗುರು’ ಎಂದು ಬರೆದೆ. ನಮ್ಮ ಲ್ಯಾಬಿನ ಸರ್ ಅದರ ಮೇಲೆ ಕೆಂಪು ಗೆರೆ ಎಳೆದರು.

ಈ ಹಿಂಗಾರಿಗೆ, ಆ ವಿಧಾನವನ್ನು ಖುದ್ದು ಪರೀಕ್ಷಿಸಬೇಕು ಎಂದು ಅವರೂ ನನ್ನ ಜೊತೆ ಹೊರಟರು. ಅವರ ಚೀಲದಲ್ಲಿ ಚೀಟಿ ಇರಲಿಲ್ಲ. ಶೇಂಗಾ ಚಟ್ನಿಯ ಡಬ್ಬಿ ಇತ್ತು.