ಎರಡು ಸೆಕೆಂಡಿನ ಕೈಗವಸು

ಇಪ್ಪತ್ತೆರಡು ವರ್ಷದಿಂದ ಪ್ರಯೋಗಾಲಯದ ಎಕ್ಸ್-ರೇ ಯಂತ್ರದ ಉಕ್ಕಿನ ಗೂಡನ್ನು ಕಾಯುತ್ತಿದ್ದವನು ಫಿಟ್ಟರಣ್ಣ. ಅದರೊಳಗೆ ಗಾಳಿಯ ಸುಳಿವೂ ಇರಬಾರದು. ಬೆರಳಿನ ಜಿಡ್ಡು ತಾಗಿತೋ, ತೊಳೆದು, ಮೂರು ದಿನ ಬಿಸಿಯಲ್ಲಿ ಕಾಯಿಸಿ, ಗಾಳಿ ಹೀರಬೇಕು. ಮನೆಯಲ್ಲಿ ಮಗಳ ಊಟದ ಡಬ್ಬಿಯನ್ನೂ ಅವನು ಅಂಚಿನಲ್ಲೇ ಹಿಡಿಯುತ್ತಿದ್ದ. ಹೆಂಡತಿ ಬಿದ್ದು ಬಿದ್ದು ನಗುತ್ತಿದ್ದಳು.

ಅವತ್ತು ಇನ್ನೇನು ಮುಚ್ಚಳ ಬಿಗಿಯಬೇಕು, ನಿರ್ದೇಶಕರು ಅತಿಥಿಗಳನ್ನು ಕರೆತಂದರು. "ಕ್ವಾಂಟಂ ವಸ್ತುವಿನ ಎಲೆಕ್ಟ್ರಾನ್ ಓಟವನ್ನ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿನಲ್ಲಿ ಹಿಡೀತೀವಿ," ಎನ್ನುತ್ತ ಗೂಡಿನೊಳಗೆ ಬರಿಗೈ ಹಾಕಿ ಸವರಿದರು.

ಫಿಟ್ಟರಣ್ಣನ ಪಿತ್ತ ನೆತ್ತಿಗೇರಿತು. "ಕೈಗವಸು ಅಲ್ಲೇ ಇತ್ತಲ್ಲ ಸಾರ್!"

"ಟೈಮೆಲ್ಲಿತ್ತಯ್ಯ? ಒರೆಸಿಬಿಡು."

ಅವನು ಸ್ಪ್ಯಾನರನ್ನು ಮೇಜಿಗೆ ಕುಕ್ಕಿದ. "ಒಂದು ಸೆಕೆಂಡನ್ನ ಲಕ್ಷ ಕೋಟಿ ಚೂರು ಮಾಡ್ತೀರಿ. ಕೈಗವಸಿಗೆ ಎರಡು ಸೆಕೆಂಡು ಸಿಗಲಿಲ್ಲ. ಈಗ ಮೂರು ದಿನ ಕೊಡೋನು ನಾನು!"